ಬೆಳ್ಳಿಯ ಬೆನ್ನ ಮೇಲಿನ ಶಂಖ

ಶರಣಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿರಿಸಿ ಇತ್ತ ಕಿವಿಗೊಡಿರಿ. ನಾನು ಹೇಳಹೊರಟಿರುವುದು ಮಹಾತ್ಮರೊಬ್ಬರ ಚರಿತ್ರೆಯಲ್ಲ. ಪ್ರತಿ ರವಿವಾರ ಪುಣೆಯ ನಮ್ಮ ಸತ್ಸಂಗದಲ್ಲಿ, ನಾನು ಪ್ರವಚನ ಹೇಳುವಾಗ, ಮೂರನೆಯ ಸಾಲಿನ ಕಂಬಕ್ಕೆ ಒರಗಿ ಕುಳಿತುಕೊಳ್ಳುವ ಅಪ್ಪಾಸಾಹೇಬ ಪತ್ತಾರರ ಕಥೆ. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. “ಬರೀರಿ. ಆದ್ರ ನನ್ನ ತಪ್ಪು ಸಣ್ಣದು ಮಾಡಿ ಬರೀಬ್ಯಾಡ್ರಿ,” ಎಂದಿದ್ದಾರೆ. ಇದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನೂ ಸಣ್ಣದು ಮಾಡದೆ ಬರೆಯುವೆನು.

ಅಪ್ಪಾಸಾಹೇಬರ ತಂದೆ ರಾಚಪ್ಪ ಪತ್ತಾರರು ತಾಳಿಕೋಟೆಯ ಕಡೆಯವರು. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಕೈ ಪಳಗಿದವರು. ಐವತ್ತರ ದಶಕದ ಕೊನೆಯಲ್ಲಿ ಹೆಂಡತಿ ನಾಗವ್ವನನ್ನು ಕರೆದುಕೊಂಡು ಪುಣೆಗೆ ಬಂದರು. ದಂಡಿನ ಪೇಟೆಯಾದ ಕ್ಯಾಂಪಿನ ಒಂದು ಬೆಳ್ಳಿ ಅಂಗಡಿಯಲ್ಲಿ ಕೆಲಸಕ್ಕೆ ಕುಳಿತರು. ಅಲ್ಲಿ ಅವರು ಏನು ಮಾಡಿದರೂ ಅದರ ಮೇಲೆ ಬೀಳುತ್ತಿದ್ದುದು ಅಂಗಡಿಯ ಇಂಗ್ಲಿಷ್ ಹೆಸರು. ಮಗ ಪುಣೆಯಲ್ಲಿಯೇ ಹುಟ್ಟಿದ. ಮಗನಿಗೆ ಆರು ತುಂಬುವುದರೊಳಗೆ ತಂದೆ ತೀರಿಕೊಂಡರು. ಒಂದು ಭಾವಚಿತ್ರವನ್ನೂ ಬಿಟ್ಟು ಹೋಗಲಿಲ್ಲ. ಮಗನಿಗೆ ನೆನಪಿದ್ದುದು ಇಷ್ಟೇ: ಬೆರಳುಗಳ ಉಗುರಿನ ಸಂದಿಯಲ್ಲಿ ಕಪ್ಪು, ಮತ್ತು ಎತ್ತಿಕೊಂಡಾಗ ಅಂಗಿಯಿಂದ ಬರುತ್ತಿದ್ದ ಇದ್ದಿಲ ವಾಸನೆ.

ನಾಗವ್ವ ಮನೆಮನೆಯ ರೊಟ್ಟಿ ಬಡಿದು ಮಗನನ್ನು ಸಾಕಿದಳು. ಆ ತಾಯಿಗೆ ಓದುಬರಹ ಇರಲಿಲ್ಲ. ಆದರೆ ಮಗ ಅಪ್ಪನ ಮಾತು ತೆಗೆದಾಗಲೆಲ್ಲ ಒಂದನ್ನು ತಪ್ಪದೆ ಹೇಳುತ್ತಿದ್ದಳು: “ನಿಮ್ಮಪ್ಪ ಊರಾಗಿದ್ದಾಗ ಮಾಡಿದ್ದಕ್ಕೆಲ್ಲ ತನ್ನ ಹೆಸರು ಹೊಡೀತಿದ್ದ. ಎಂದರ ಒಂದು ದಿನ ನಿನ್ನ ಕೈಗೆ ಬಂದೀತು. ನೋಡಕೋತ ಇರು.”

ಹೀಗೆ ನೋಡುತ್ತ ಇರುವುದೇ ಅವರ ಬಾಳಾಯಿತು. ತಂದೆ ತನ್ನ ಕೈಯಿಂದ ಮಾಡಿ, ತನ್ನ ಹೆಸರು ಹೊಡೆದ ಒಂದು ವಸ್ತುವನ್ನು ಒಮ್ಮೆ ಅಂಗೈಯಲ್ಲಿ ಹಿಡಿಯಬೇಕು. ಅಪ್ಪಾಸಾಹೇಬರು ದೇವರಲ್ಲಿ ಬೇಡಿದ್ದು ಇದೊಂದನ್ನೇ. ಬೇರೆ ಏನನ್ನಾದರೂ ಬೇಡಿದ್ದನ್ನು ಇಪ್ಪತ್ತು ವರ್ಷಗಳ ಒಡನಾಟದಲ್ಲಿ ನಾನು ಕೇಳಿಲ್ಲ.

ಅವರು ಪುಣೆಯ ರವಿವಾರ ಪೇಠೆ ಎಂಬ ಪೇಟೆಯ ಒಂದು ಬೆಳ್ಳಿ ಅಂಗಡಿ ಸೇರಿ ಈಗ ನಲವತ್ತು ವರ್ಷ ದಾಟಿದೆ. ಆ ಅಂಗಡಿಗೆ ಹಳೆಯ ಬೆಳ್ಳಿ ಬರುತ್ತದೆ. ಅದಕ್ಕೆ ಪೇಟೆಯವರು ಮರಾಠಿಯಲ್ಲಿ ‘ಮೋಡ’ ಎನ್ನುತ್ತಾರೆ. ನಮ್ಮ ಆಕಾಶದ ಮೋಡವಲ್ಲ; ಮುರಿಯಲಿಕ್ಕೆ ಬಂದದ್ದು ಎಂದು ಅದರ ಅರ್ಥ. ಒಡೆದ ಬಟ್ಟಲು, ಕಾಲು ಮುರಿದ ಸಮೆ ದೀಪ, ಬಂಗಲೆಗಳ ಚಹದ ಕಿತ್ತಲಿ, ಎಲ್ಲವೂ ಮೊದಲು ಅಪ್ಪಾಸಾಹೇಬರ ಮುಂದೆ ಬರಬೇಕು. ಅವರು ಅದನ್ನು ಮಗ್ಗುಲಾಗಿಸಿ, ಬೋರಲು ಹಾಕಿ, ಭೂತಗನ್ನಡಿ ಹಿಡಿದು ಅದರ ಬೆನ್ನನ್ನು ಓದುತ್ತಾರೆ. ಇಡತಕ್ಕದ್ದೋ, ಕರಗಿಸತಕ್ಕದ್ದೋ ಎಂದು ಹೇಳುತ್ತಾರೆ. ಇಡತಕ್ಕದ್ದು ಕಪಾಟಿಗೆ, ಉಳಿದದ್ದು ಹಿಂದಿನ ಓಣಿಯಲ್ಲಿರುವ ಮಾಂತುವಿನ ಕುಲುಮೆಗೆ. ಅವರ ಮಾತಿನ ಮೇಲೆ ಅಂಗಡಿಯ ಶೇಟಜಿ ಎಂದೂ ಎರಡನೆಯ ಮಾತು ಆಡಿದವರಲ್ಲ.

ಆ ವಿದ್ಯೆಯನ್ನು ಅವರು ನನಗೂ ತಿಳಿಯ ಹೇಳಿದ್ದಾರೆ. ವಿಲಾಯತಿಯ ಬೆಳ್ಳಿಯ ಮೇಲೆ ಸಾಲಾಗಿ ನಾಲ್ಕೈದು ಸಣ್ಣ ಗುರುತುಗಳಿರುತ್ತವೆ. ನಡೆಯುತ್ತಿರುವ ಸಿಂಹವಿದ್ದರೆ ಬೆಳ್ಳಿ ಶುದ್ಧ. ಹಡಗಿನ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಪರೀಕ್ಷೆಯಾದದ್ದು. ಒಂಟಿ ಅಕ್ಷರವೊಂದು ವರ್ಷವನ್ನು ಹೇಳುತ್ತದೆ. ಜೋಡಿ ಅಕ್ಷರಗಳು ಮಾಡಿದವನ ಹೆಸರಿನವು. ಬೆಳ್ಳಿಯ ನೀರು ಕುಡಿಸಿದ ಅಗ್ಗದ ಲೋಹದ ಮೇಲೂ ಮೋಸಗಾರರು ಇಂಥದೇ ಚೌಕಗಳನ್ನು ಹೊಡೆದಿರುತ್ತಾರೆ. ಅದನ್ನು ಬೇರ್ಪಡಿಸುವುದೇ ಕಣ್ಣಿನ ಸಾಧನೆ.

ಒಮ್ಮೆ ನಾನು ಅಲ್ಲಿ ಕುಳಿತಿದ್ದಾಗ, ಸ್ವಾರಗೇಟಿನ ಹತ್ತಿರ ಬಟ್ಟೆಯ ವ್ಯಾಪಾರ ಮಾಡುವ ವಿಜಯಪುರದ ದೇವಾನಂದರು ಹಣ್ಣಿನ ಬುಟ್ಟಿಯೊಂದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದರು.

“ನಮ್ಮ ಮಾವನವರು ಲಗ್ನದಾಗ ಕೊಟ್ಟಿದ್ದು ನೋಡ್ರಿ. ರಾಣಿ ಕಾಲದ್ದಂತ. ಸಿಂಹ ಅದ ಏನ್ರಿ?”

ಅಪ್ಪಾಸಾಹೇಬರು ಬುಟ್ಟಿಯನ್ನು ಬೋರಲು ಹಾಕಿ, ಒಂದೇ ನೋಟಕ್ಕೆ ಕನ್ನಡಿ ಕೆಳಗಿಟ್ಟರು. “ಸಿಂಹ ಇಲ್ರಿ. ಇ.ಪಿ.ಎನ್.ಎಸ್. ಅಂತ ಅದ. ಒಳಗ ಬ್ಯಾರೆ ಲೋಹ, ಮ್ಯಾಲ ಬೆಳ್ಳಿ ಅಂಗಿ ತೊಡಿಸ್ಯಾರ.”

“ಅಂದ್ರ ಮಾವ ನನಗ ಟೊಪಗಿ ಹಾಕಿದ್ನ?”

“ಅವರಿಗೂ ಯಾರೋ ಹಾಕಿರಬೇಕ್ರಿ. ಮಾವನವರಿಗೆ ಹೇಳಬ್ಯಾಡ್ರಿ. ಮನೀಯವರಿಗಂತೂ ಮೊದಲ ಹೇಳಬ್ಯಾಡ್ರಿ.”

ಅಂಗಡಿಯೆಲ್ಲ ನಕ್ಕಿತು. ದೇವಾನಂದರೂ ನಕ್ಕರು, ತುಸು ತಡವಾಗಿ.

ತಾವು ಕಂಡ ಗುರುತುಗಳನ್ನೆಲ್ಲ ಅಪ್ಪಾಸಾಹೇಬರು ಒಂದು ದಪ್ಪ ವಹಿಯಲ್ಲಿ ಪೆನ್ಸಿಲಿನಿಂದ ದೊಡ್ಡದಾಗಿ ಬಿಡಿಸಿಡುತ್ತಿದ್ದರು. ಪುಟಕ್ಕೊಂದು ಗುರುತು, ಅದರ ಕೆಳಗೆ ಮರಾಠಿಯಲ್ಲಿ ಎರಡು ಸಾಲು ವಿವರ. ಅದೇ ಗುರುತು ಮತ್ತೆ ಬಂದಾಗಲೆಲ್ಲ ಅಂಚಿನಲ್ಲಿ ಒಂದು ಗೀಟು. ಇಂಗ್ಲಿಷ್ ಅಕ್ಷರ, ಗುಜರಾತಿ ಅಕ್ಷರ, ಮರಾಠಿ ಅಕ್ಷರ, ಹೈದರಾಬಾದಿನ ಕಡೆಯ ಉರ್ದು ಬರಹ ಎಲ್ಲವೂ ಅದರಲ್ಲಿದ್ದವು. ಆ ವಹಿಯ ಮುಂದೆ ಅವರು ಕುಳಿತರೆ ಮನೆಯವರು ರಂಜನಾಬಾಯಿ ನಗುತ್ತಲೇ ಚುಚ್ಚುತ್ತಿದ್ದರು: “ನನ್ನ ಮುಖಾ ಒಂದ ದಿನಾನೂ ಹಿಂಗ ಕನ್ನಡಿ ಹಿಡದು ನೋಡಿಲ್ರಿ ಇವರು. ನನ್ನ ಮ್ಯಾಲ ಒಂದು ಸಿಂಹ ಹೊಡಸ್ಕೊಂಡು ಬರಬೇಕಿತ್ತು.”

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅಪ್ಪಾಸಾಹೇಬರು ಓದಿದ್ದು ಪುಣೆಯ ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಆಡುವುದು ಕನ್ನಡ. ಬರೆಯುವುದು, ಓದುವುದು ಮರಾಠಿ. ಪುಣೆಯಲ್ಲಿ ಬೆಳೆದ ನಮ್ಮವರಲ್ಲಿ ಇಂಥವರು ಎಷ್ಟೋ ಮಂದಿ. ಕನ್ನಡ ಅವರಿಗೆ ಬಾಯಿಯ ಮತ್ತು ಕಿವಿಯ ನುಡಿ, ಕಣ್ಣಿನದಲ್ಲ. ‘ಅಪ್ಪ ತನ್ನ ಹೆಸರು ಹೊಡೆಯುತ್ತಿದ್ದ’ ಎಂದು ತಾಯಿ ಹೇಳಿದಾಗ ಅಪ್ಪಾಸಾಹೇಬರು ಮನಸ್ಸಿನಲ್ಲಿ ಆ ಹೆಸರನ್ನು ಬರೆದುಕೊಂಡರು. ತಮಗೆ ಗೊತ್ತಿದ್ದ ಲಿಪಿಯಲ್ಲಿಯೇ ಬರೆದುಕೊಂಡರು. ನಲವತ್ತು ವರ್ಷ ಅವರು ಹುಡುಕಿದ್ದು ಮರಾಠಿಯ ‘ರಾ’ವನ್ನು. ತಾಳಿಕೋಟೆಯ ಪತ್ತಾರನೊಬ್ಬ ತನ್ನ ಹೆಸರನ್ನು ಕನ್ನಡದಲ್ಲಿ ಕೆತ್ತಿಕೊಂಡಿರಬಹುದೆಂಬ ಸರಳವಾದ ಸಂಗತಿ ಅವರಿಗೆ ಒಮ್ಮೆಯೂ ಹೊಳೆಯಲಿಲ್ಲ.

ಇತ್ತ, ಆಗೊಮ್ಮೆ ಈಗೊಮ್ಮೆ ನಮ್ಮ ಸೀಮೆಯ ಜನ ತರುತ್ತಿದ್ದ ಹಳೆಯ ಕರಡಿಗೆಗಳ ತಳದಲ್ಲಿ ಜೋಳದ ಕಾಳಿನಷ್ಟು ಚಿಕ್ಕದಾದ ಗುರುತೊಂದು ಕಾಣುತ್ತಿತ್ತು. ದುಂಡನೆಯ ಹೊಟ್ಟೆ, ಮೇಲೆ ಬಳುಕಿದ ಜುಟ್ಟು, ಬಲಕ್ಕೆ ಇಳಿದ ಬಾಲ. ಅಪ್ಪಾಸಾಹೇಬರು ಅದನ್ನು ಶಂಖವೆಂದು ಗುರುತಿಸಿದರು. ಶಂಖವೆಂದರೆ ಮಲಬಾರದ ಕಡೆಯದಿರಬೇಕೆಂದು ತಾವೇ ಊಹಿಸಿದರು. ವಹಿಯಲ್ಲಿ ಬಿಡಿಸಿ, ಕೆಳಗೆ ಬರೆದರು: ‘ಶಂಖ. ದಕ್ಷಿಣದ ಕೆಲಸ. ಸಾಮಾನ್ಯ. ಕರಗಿಸಬಹುದು.’ ಆಮೇಲೆ ಊಹೆಯೆಂಬುದು ಮರೆತುಹೋಯಿತು, ಬರಹವೇ ಪ್ರಮಾಣವಾಯಿತು. ಪೇಟೆಯ ಬೇರೆ ಅಂಗಡಿಯವರೂ ‘ಶಂಖ ಛಾಪು’ ಎನ್ನತೊಡಗಿದರು.

ಹೋದ ವರ್ಷ ಶ್ರಾವಣಕ್ಕೆ ಮೊದಲು, ಒಂದು ಗುರುವಾರ ಮಧ್ಯಾಹ್ನ, ಶರಣಮ್ಮ ಎಂಬ ನಡುವಯಸ್ಸಿನ ಹೆಂಗಸು ಅಂಗಡಿಯ ಮೆಟ್ಟಿಲೇರಿದರು. ಪುಣೆಯ ಹೊರವಲಯದ ವಾಕಡದಲ್ಲಿ ಏಳುತ್ತಿರುವ ಎತ್ತರದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರು. ಕನ್ನಡ ಬಲ್ಲವರೊಬ್ಬರು ಅಲ್ಲಿ ಕೂರುತ್ತಾರೆಂದು ಯಾರಿಂದಲೋ ಕೇಳಿ, ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬಂದು, ಅಲ್ಲಿಂದ ನಡೆದು ಬಂದಿದ್ದರು. ಸೆರಗಿನ ಗಂಟಿನಲ್ಲಿ ಒಂದು ಬೆಳ್ಳಿಯ ಕರಡಿಗೆ ಇತ್ತು. ಅದು ಅವರ ತಾಯಿಯದು. ತಾಯಿ ಲಿಂಗೈಕ್ಯರಾದಾಗ ಲಿಂಗವು ಅವರ ಅಂಗೈಯೊಡನೆ ಮಣ್ಣು ಸೇರಿತ್ತು. ಬರಿದಾದ ಕರಡಿಗೆ ಮಗಳಿಗೆ ಉಳಿದಿತ್ತು. ಅದರ ಕೊಂಡಿ ಮುರಿದಿತ್ತು. ಅದನ್ನು ಕರಗಿಸಿ, ಹೊಸದಾಗಿ ಹುಟ್ಟಿದ ಮೊಮ್ಮಗಳಿಗೆ ಒಂದು ಪುಟ್ಟ ಕರಡಿಗೆ ಮಾಡಿಸಬೇಕೆಂಬುದು ಶರಣಮ್ಮನ ಆಸೆ.

“ಯಾವೂರವ್ವಾ ನಿಮ್ಮದು?” ಎಂದು ಅಪ್ಪಾಸಾಹೇಬರು ಕೇಳಿದರು.

“ಹುಣಸಗಿ ಕಡೀದವರ್ರಿ.”

“ಹೌದಾ? ನಮ್ಮಪ್ಪಂದೂ ಅದ ಮಗ್ಗಲು, ತಾಳಿಕೋಟಿ. ನಾ ಮಾತ್ರ ಒಂದ ಸಲಾನೂ ಹೋಗಿಲ್ಲ ನೋಡು.” ಚಹ ತರಿಸಿದರು. ಮಳೆ, ಬಸ್ಸು, ಜೋಳ ಎಲ್ಲವನ್ನೂ ಮಾತಾಡಿದರು. ಮಾತಾಡುತ್ತಲೇ ಕರಡಿಗೆಯನ್ನು ಬೋರಲು ಹಾಕಿದರು.

ಶರಣಮ್ಮ ಹೇಳಿದರು: “ಇದು ನಮ್ಮ ಕಡೀ ಪತ್ತಾರನ ಕೈದ್ರಿ. ನಮ್ಮವ್ವ ಯಾವಾಗೂ ಹೇಳ್ತಿದ್ಲು...”

“ಅಲ್ಲವ್ವಾ,” ಎಂದು ಅಪ್ಪಾಸಾಹೇಬರು ನಡುವೆಯೇ ತಡೆದರು. ಅವರ ದನಿಯಲ್ಲಿ ಒರಟುತನವಿರಲಿಲ್ಲ, ಬಲ್ಲವನ ಸಮಾಧಾನವಿತ್ತು. “ನಿಮ್ಮ ಕಡೀದಲ್ಲ ಇದು. ಶಂಖದ ಛಾಪು ಅದ. ಮಲಬಾರದ ಮಂದಿ ಮಾಡಿದ್ದು. ಎಲ್ಲೋ ಜಾತ್ರ್ಯಾಗ ಕೊಂಡಿರಬೇಕು.”

“ಹಂಗೇನ್ರಿ? ಇರಬೇಕ್ರಿ. ನೀವು ಕಲತವರು.”

ಮಾಂತು ಬಂದು, ಶರಣಮ್ಮನ ಎದುರೇ ತೂಕ ನೋಡಿ, ಕರಡಿಗೆಯನ್ನು ಒಯ್ದ. ಹೊಸ ಕರಡಿಗೆಯ ಅಳತೆ, ಕೂಲಿ ಎಲ್ಲವನ್ನೂ ಅರ್ಧ ಗಂಟೆ ಮಾತಾಡಿ ಮುಗಿಸಿದ ಮೇಲೆ ಅಪ್ಪಾಸಾಹೇಬರು ವಹಿ ತೆರೆದು ಶಂಖದ ಪುಟದ ಅಂಚಿನಲ್ಲಿ ಒಂದು ಗೀಟು ಎಳೆದರು. ಅದು ಹದಿನೈದನೆಯದು.

ಶರಣಮ್ಮ ಚಹದ ಬಟ್ಟಲನ್ನು ಕೆಳಗಿಟ್ಟು ಬಗ್ಗಿ ನೋಡಿದರು. “ಇಷ್ಟು ದೊಡ್ಡದಾಗಿ ‘ರಾ’ ಅಂತ ಯಾಕ ಬರದೀರ್ರಿ?”

“ಎಲ್ಲಿ?”

“ಇಲ್ಲೇ, ಈಗ ಗೀಟು ಹಾಕಿದ್ರಲ್ಲಾ.”

“ಅದು ರಾ ಅಲ್ಲವ್ವಾ. ಶಂಖ. ನಿನ್ನ ಕರಡಗಿ ಮ್ಯಾಲಿನದು.”

ಶರಣಮ್ಮನಿಗೆ ನಗು ಬಂತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. “ಶಂಖ ಹೆಂಗಾಗ್ತದ್ರೀ ಯಪ್ಪಾ? ನಾ ನಾಕನೇತ್ತ ತನಕ ಸಾಲಿಗೆ ಹೋಗೀನಿ. ರಕ್ಕ ಇಳಿ ಕೊಟ್ರ ರಾ. ಕರಡಗಿ ಮ್ಯಾಲೂ ಅದ ಇತ್ತು. ಅದನ್ನ ಹೇಳಾಕ ಬಂದೆ, ನೀವು ಶಂಖ ಅಂದ್ರಿ, ಸುಮ್ಮನಾದೆ. ರಾ ಅಂದ್ರ ರಾಚಪ್ಪ ಪತ್ತಾರ. ನಮ್ಮವ್ವ ಸಾಯೂತನಕ ಆ ಹೆಸರು ಹೇಳ್ತಿದ್ಲು. ನಮ್ಮೂರಾಗ ಎಲ್ಲಾರ ಕರಡಗೀನೂ ಅಂವನ ಕೈದ. ಆಮ್ಯಾಲ ಪುಣೇಕ ಹೋದ್ನಂತ, ಹೊಳ್ಳಿ ಬರಲೇ ಇಲ್ಲಂತ.”

ಅಪ್ಪಾಸಾಹೇಬರು ಎದ್ದರು. ಅರುವತ್ತಾರು ದಾಟಿದ, ಮೊಣಕಾಲು ನೋವಿನ ಆ ಮನುಷ್ಯ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಯ ಮೆಟ್ಟಿಲಿಳಿದು ಓಡಿದರು. ಗಾಡಿಗಳ ನಡುವೆ, ಬೈಗುಳಗಳ ನಡುವೆ, ಕೈಯಲ್ಲಿ ಪೆನ್ಸಿಲು ಹಿಡಿದುಕೊಂಡೇ ಓಡಿದರು. ಕುಲುಮೆಯ ಬಾಗಿಲಲ್ಲಿ ನಿಂತಾಗ ಉಸಿರು ಸಿಗುತ್ತಿರಲಿಲ್ಲ.

“ಏನ್ರಿ ಕಾಕಾ, ನಾಯಿ ಬೆನ್ನ ಹತ್ತ್ಯಾವೇನು?” ಎಂದ ಮಾಂತು.

“ಕರಡಗಿ. ಆ ಕರಡಗಿ ಎಲ್ಲಿ?”

ಮಾಂತು ಇಕ್ಕಳದ ತುದಿಯಿಂದ ತೋರಿಸಿದ. ಮೂಸೆ ಬರಿದಾಗಿತ್ತು. ಕಬ್ಬಿಣದ ಅಚ್ಚಿನಲ್ಲಿ ಬೆರಳುದ್ದದ ಗಟ್ಟಿಯೊಂದು ಕೆಂಪಿನಿಂದ ಬಿಳುಪಿಗೆ ತಿರುಗುತ್ತಿತ್ತು. “ಈಗಷ್ಟ ಹೊಯ್ದೆ ನೋಡ್ರಿ. ಬ್ಯಾರೆ ಕೆಲಸ ಯಾವುದೂ ಇರಲಿಲ್ಲ, ನಿಮ್ಮದ ಮೊದಲ ತಗೊಂಡೆ. ಭಾಳ ಛಲೋ ಬೆಳ್ಳಿ ಬಿಡ್ರಿ ಕಾಕಾ. ಈ ಶಂಖದ ಮಾಲು ಯಾವಾಗೂ ಹಿಂಗ ಬರ್ತದ. ಮಾಡಿದಂವ ಯಾರಿದ್ನೋ ಏನೋ, ಒಂದು ಗುಂಜಿ ಕಲಬೆರಕಿ ಮಾಡಿದಂವ ಅಲ್ಲ.”

ಬಂಧುಗಳೇ, ಆ ಮಗನು ತಂದೆಯ ಬಗ್ಗೆ ಪರರ ಬಾಯಿಂದ ಕೇಳಿದ ಮೊದಲ ಹೊಗಳಿಕೆ ಅದು. ಅದನ್ನು ಅವರು ಕೇಳಿದ್ದು ಆ ಕುಲುಮೆಯ ಬಾಗಿಲಲ್ಲಿ, ತಂದೆಯ ಕೈಕೆಲಸ ನೀರಾಗಿ ಹರಿದು ಗಟ್ಟಿಯಾಗುತ್ತಿದ್ದ ಹೊತ್ತಿನಲ್ಲಿ. ಅವರು ಅಚ್ಚಿನ ಮುಂದೆ ನೆಲದ ಮೇಲೆ ಕುಳಿತರು. ಮಾಂತು ಗಾಬರಿಯಾಗಿ ನೀರು ತಂದುಕೊಟ್ಟ. ಅವರು ಹೇಳಿದರು: “ಹದಿನೈದೋ ಮಾಂತು. ಹದಿನೈದೂ ನಾನ ಕಳಿಸೀನಿ.”

ಗಟ್ಟಿಯನ್ನು ಹಿಡಿದು ಅಂಗಡಿಗೆ ಮರಳಿ, ಶರಣಮ್ಮನ ಮುಂದಿಟ್ಟು, ನಡೆದುದನ್ನು ಹೇಳಿದರು. ಶರಣಮ್ಮ ಎದೆಗೆ ಕೈಯೊತ್ತಿಕೊಂಡರು. “ಅಯ್ಯ ನನ ಶಿವನ! ನೀವು ರಾಚಪ್ಪ ಪತ್ತಾರನ ಮಗಾ ಏನ್ರಿ? ಅಂದ್ರ... ನಾ ಮೊದಲ ಅಂದೆನಲ್ರೀ, ನಮ್ಮ ಕಡೀ ಪತ್ತಾರಂದು ಅಂತ?”

“ಅಂದಿ ಯವ್ವಾ. ನಾ ಕೇಳಲಿಲ್ಲ.”

ಮುಂದೆ ಎಂಟು ದಿನಗಳಲ್ಲಿ ಆ ಬೆಳ್ಳಿಯಿಂದಲೇ ಮೊಮ್ಮಗಳ ಕರಡಿಗೆ ಸಿದ್ಧವಾಯಿತು. ಒಯ್ಯಲು ಬಂದ ಶರಣಮ್ಮ ಅದನ್ನು ಬೋರಲು ಹಾಕಿ ನೋಡಿ, ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಾತನ್ನು ಹೇಳಿದರು: “ಬೆಳ್ಳಿ ಅದೇ ಅಲ್ರಿ? ಇದರ ಮ್ಯಾಲೂ ಒಂದು ‘ರಾ’ ಹೊಡದು ಕೊಡ್ರಿ. ನಿಮ್ಮಪ್ಪನ ನೆನಪು ಉಳೀತದ, ನಮ್ಮವ್ವಂದೂ ಉಳೀತದ.”

ಎಷ್ಟು ದೊಡ್ಡ ಮನಸ್ಸು! ಆದರೆ ಅಪ್ಪಾಸಾಹೇಬರು ತಲೆಯಲ್ಲಾಡಿಸಿದರು. ಅವರ ಕಣ್ಣು ತುಂಬಿತ್ತೆಂದು ಅಲ್ಲಿದ್ದ ಮಾಂತು ನನಗೆ ಹೇಳಿದ. “ಬ್ಯಾಡ ಯವ್ವಾ. ಮಾಡಿದಂವ ಅಂವ ಅಲ್ಲ. ಅಂವನ ಕೈ ಹತ್ತಲಾರದ್ದಕ್ಕ ಅಂವನ ಹೆಸರು ಹೊಡದ್ರ ಸುಳ್ಳು ಛಾಪು ಆಗ್ತದ. ಸುಳ್ಳು ಛಾಪು ಹಿಡಿಯೂದ ನನ್ನ ಹೊಟ್ಟೀಪಾಡು. ಅಪ್ಪನ ಹೆಸರಲೇ ನಾನ ಹೊಡೀಲೇನು?”

ಪುಟ್ಟ ಕರಡಿಗೆ ‘ರಾ’ ಇಲ್ಲದೆಯೇ ವಾಕಡಕ್ಕೆ ಹೋಯಿತು.

ಅದಕ್ಕೂ ಮೊದಲು, ಕರಡಿಗೆ ಕರಗಿದ ವಾರದ ರವಿವಾರ, ಅಪ್ಪಾಸಾಹೇಬರು ಸತ್ಸಂಗ ಮುಗಿದ ಮೇಲೂ ಕಂಬದ ಬಳಿಯೇ ಕುಳಿತಿದ್ದರು. ನಾನು ಹತ್ತಿರ ಹೋದೆ. ಮೂರು ದಿನದಿಂದ ಊಟ ಸೇರುತ್ತಿಲ್ಲವೆಂದು ರಂಜನಾಬಾಯಿ ಹೇಳಿದರು. ಅಪ್ಪಾಸಾಹೇಬರು ವಹಿಯನ್ನು ತೆರೆದು ಆ ಪುಟವನ್ನು ನನ್ನ ಮುಂದೆ ಹಿಡಿದರು. “ಇದೇನ್ರಿ, ಹೇಳ್ರಿ.”

“ರಾ,” ಎಂದೆ. ಕ್ಷಣವೂ ಬೇಕಾಗಲಿಲ್ಲ.

ಹೇಳಿದ ಮೇಲೆ ನನಗೆ ನೆನಪಾಯಿತು. ಎಂಟು ವರ್ಷದ ಹಿಂದೆ, ಕಸಬಾ ಪೇಠೆಯ ಅವರ ಮನೆಗೆ ಪ್ರಸಾದಕ್ಕೆ ಹೋದಾಗ, ಇದೇ ವಹಿಯನ್ನು ಅವರು ನನ್ನ ಮಡಿಲಲ್ಲಿಟ್ಟಿದ್ದರು. ‘ಇದರಾಗ ನಿಮಗ ಏನರ ತಿಳೀತದೇನು ನೋಡ್ರಿ’ ಎಂದಿದ್ದರು. ನಾನು ಪುಟ ತಿರುವುತ್ತ ಹೋಗಿದ್ದೆ. ಸಂಜೆಯ ಪ್ರವಚನದಲ್ಲಿ ಏನು ಹೇಳಬೇಕೆಂಬುದು ನನ್ನ ತಲೆಯಲ್ಲಿತ್ತು. ‘ಭಾಳ ಚಂದ ಬರದೀರಿ. ಇದು ನಿಮ್ಮ ವಿದ್ಯೆ, ನನಗೇನು ತಿಳಿದೀತು?’ ಎಂದು ವಿನಯದ ಮಾತಾಡಿ ಮುಚ್ಚಿಕೊಟ್ಟಿದ್ದೆ. ಆ ಪುಟ ಆಗಲೂ ಅಲ್ಲಿತ್ತು. ಅಂದು ಅದರ ಅಂಚಿನಲ್ಲಿ ಹತ್ತು ಗೀಟುಗಳಿದ್ದಿರಬೇಕು. ನಾನು ನೋಡಿದ್ದರೆ ಐದು ಕರಡಿಗೆಗಳು ಉಳಿಯುತ್ತಿದ್ದವು.

ಇಷ್ಟೇ ಅಲ್ಲ. ಇಪ್ಪತ್ತು ವರ್ಷ ಪ್ರತಿ ರವಿವಾರ ಪ್ರಾರ್ಥನೆಯ ಹಾಳೆಯನ್ನು ನಾನೇ ಅವರ ಕೈಗೆ ಕೊಟ್ಟಿದ್ದೇನೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಎದುರಿಗೆ ಹಿಡಿದು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು. ಅವೆಲ್ಲ ಕಿವಿಯಿಂದ ಕಲಿತವು. ಆ ಹಾಳೆಯ ಒಂದು ಅಕ್ಷರವೂ ಅವರಿಗೆ ಬಾರದೆಂಬುದು ನನಗೆ ಗೊತ್ತಿರಲಿಲ್ಲ. ಅಕ್ಷರದ ಒಳಗಿನ ಅರ್ಥವನ್ನು ಗಂಟೆಗಟ್ಟಲೆ ಬಿಡಿಸಿ ಹೇಳುವ ನಾನು, ಮುಂದೆ ಕುಳಿತ ಮನುಷ್ಯನಿಗೆ ಅಕ್ಷರ ಬರುತ್ತದೆಯೇ ಎಂದು ಕೇಳಿರಲಿಲ್ಲ. ಅದನ್ನು ಅವರ ಮುಂದೆ ಒಪ್ಪಿಕೊಂಡೆ.

“ನಿಮಗೂ ಕೇಳೂದು ಆಗಲಿಲ್ಲ, ನನಗೂ ಆಗಲಿಲ್ಲ,” ಎಂದರು ಅವರು. ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದಿನಿಂದ ಸತ್ಸಂಗಕ್ಕೆ ಅರ್ಧ ಗಂಟೆ ಮೊದಲು ಬಂದು ಅವರು ಕನ್ನಡದ ಅಕ್ಷರ ತಿದ್ದುತ್ತಿದ್ದಾರೆ. ಮೊದಲ ದಿನವೇ ವಹಿಯ ಆ ಪುಟದಲ್ಲಿ ತಮ್ಮ ಮರಾಠಿಯ ಎರಡು ಸಾಲಿಗೆ ಅಡ್ಡಗೀಟು ಎಳೆದು, ಕೆಳಗೆ ಕನ್ನಡದಲ್ಲಿ ಬರೆದರು: ‘ರಾಚಪ್ಪ’. ಒತ್ತಕ್ಷರ ಸಾಲಿನಿಂದ ಜಾರಿ ಕೆಳಗಿಳಿದಿತ್ತು. ಹಳೆಯ ಸಾಲುಗಳನ್ನು ಒರೆಸಿಬಿಡೋಣವೆಂದೆ. ಬೇಡವೆಂದರು, ತಪ್ಪು ಓದಿದ್ದು ಕಾಣುತ್ತಿರಲಿ ಎಂದರು. ಕಲಿಕೆ ಸುಲಭವಾಗಿ ಸಾಗಿಲ್ಲ. “ಬರ್ಮಿಂಗ್‌ಹ್ಯಾಮಿನ ಲಂಗರ ಕತ್ತಲದಾಗೂ ಹಿಡೀತೀನ್ರಿ. ನಮ್ಮವ್ವ ಮಾತಾಡಿದ ‘ಳ’ ಕಂಡ್ರ ಅಂಜಕಿ ಬರ್ತದ,” ಎನ್ನುತ್ತಾರೆ.

ಆ ಗುರುತು ಮತ್ತೆ ಬಂದರೆ ಕರಗಿಸದೆ ತಮಗೆ ತಿಳಿಸಬೇಕೆಂದು ಪೇಟೆಯ ಎಲ್ಲ ಅಂಗಡಿಗಳಿಗೂ ಹೇಳಿಟ್ಟಿದ್ದಾರೆ. ತಾವೇ ಹಬ್ಬಿಸಿದ ‘ಶಂಖ ಛಾಪು’ ಎಂಬ ಹೆಸರು ತಪ್ಪೆಂದು ಒಂದೊಂದು ಮೆಟ್ಟಿಲನ್ನೂ ಹತ್ತಿ ತಾವೇ ಹೇಳಿ ಬಂದರು. ಈ ವೈಶಾಖದಲ್ಲಿ ಹುಣಸಗಿಯ ಕಡೆಗೂ ಹೋಗಿ ಬಂದರು. ಶರಣಮ್ಮನ ಊರಿನ ಮುದುಕರು ರಾಚಪ್ಪನನ್ನು ನೆನೆದರು, ಮಗನನ್ನು ಕೂರಿಸಿ ಉಣಿಸಿದರು. ಆದರೆ ಕರಡಿಗೆ ಕೇಳಿದ ಮನೆಗಳಲ್ಲೆಲ್ಲ ಹಳೆಯದು ಕೊಟ್ಟು ಹೊಸದು ತಂದಾಗಿತ್ತು. ಕೆಲವರು ಸೋಲಾಪುರದಲ್ಲಿ ಕೊಟ್ಟಿದ್ದರು. ಕೆಲವರು ಪುಣೆಯಲ್ಲಿ. ಪುಣೆಯ ಯಾವ ಅಂಗಡಿಯೆಂದು ಅಪ್ಪಾಸಾಹೇಬರು ಕೇಳಲಿಲ್ಲವಂತೆ. ಹದಿನಾರನೆಯದು ಇಂದಿನವರೆಗೆ ಬಂದಿಲ್ಲ.

ಬಂಧುಗಳೇ, ನಮ್ಮನ್ನು ಮಾಡಿದಾತನೂ ಪ್ರತಿಯೊಬ್ಬರ ಮೇಲೆ ತನ್ನ ಗುರುತನ್ನು ಇರಿಸಿದ್ದಾನೆ. ನಾವು ಒಬ್ಬರನ್ನೊಬ್ಬರು ಮಗ್ಗುಲಾಗಿಸಿ ನೋಡಿ, ನಮಗೆ ಬರುವ ಲಿಪಿಯಲ್ಲಿ ಮಾತ್ರ ಓದಿ, ‘ಸಾಮಾನ್ಯ, ಕರಗಿಸಬಹುದು’ ಎಂದು ಬರೆದುಬಿಡುತ್ತೇವೆ. ಇಟ್ಟಿಗೆ ಹೊರುವ ತಾಯಿಯೊಬ್ಬಳು ಅದೇ ಗುರುತನ್ನು ಓದಬಲ್ಲಳೆಂದು ನಮಗೆ ತೋಚುವುದಿಲ್ಲ. ನಾನು ಹೇಳುವ ಈ ಮಾತು ಮೊದಲು ನನಗೇ ಸಲ್ಲತಕ್ಕದ್ದು.

ಈಗ ಅಪ್ಪಾಸಾಹೇಬರ ಅಂಗಡಿಗೆ ನೀವು ಹೋದರೆ ಒಂದು ಬದಲಾವಣೆಯನ್ನು ಕಾಣುವಿರಿ. ಯಾರು ಏನನ್ನೇ ತರಲಿ, ಅವರು ಭೂತಗನ್ನಡಿಗೆ ಕೈ ಹಾಕುವುದಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಾರೆ: “ಇದು ಯಾರು ಮಾಡಿದ್ದಂತ ನಿಮ್ಮ ಮನ್ಯಾಗ ಏನಂತಿದ್ರು?” ಹೇಳುವವರು ತಡವರಿಸಿದರೂ, ಕಥೆ ಉದ್ದವಾದರೂ, ಅದು ತಪ್ಪೆಂದು ತಮಗೆ ಆಗಲೇ ಗೊತ್ತಿದ್ದರೂ, ಕೊನೆಯ ಮಾತಿನವರೆಗೆ ತಡೆಯುವುದಿಲ್ಲ. ಆಮೇಲೆಯೇ ಬೆಳ್ಳಿಯನ್ನು ಬೋರಲು ಹಾಕುತ್ತಾರೆ. ತಮಗೆ ಓದಲು ಬಾರದ ಗುರುತಿದ್ದರೆ, ತಂದವರ ಕಡೆಗೇ ತಿರುಗಿಸಿ, “ಇದು ನನಗ ಬರೂದಿಲ್ಲ, ನಿಮಗ ಬರ್ತದೇನು?” ಎನ್ನುತ್ತಾರೆ. ಮಾಂತುವೂ ಮೂಸೆಗೆ ಹಾಕುವ ಮೊದಲು ಪ್ರತಿಯೊಂದರ ತಳವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡುತ್ತಾನೆ.

ಆದುದರಿಂದ ನಿಮ್ಮಲ್ಲಿ ನನ್ನ ಪ್ರಾರ್ಥನೆ ಇದು. ನಿಮ್ಮ ಮನೆಯ ದೇವರ ಜಗುಲಿಯ ಮೇಲೆ, ಪೆಟ್ಟಿಗೆಯ ತಳದಲ್ಲಿ, ಹಿರಿಯರು ಬಿಟ್ಟುಹೋದ ಬೆಳ್ಳಿಯ ಒಂದು ವಸ್ತುವಾದರೂ ಇದ್ದೀತು. ಹೊಸದಕ್ಕೆ ಕೊಡುವ ಮುಂಚೆ, ಈ ವಾರವೇ, ಅದನ್ನು ಹೊರತೆಗೆದು ಮನೆಯ ಅತ್ತೆಯ ಮುಂದೆಯೋ ಅಜ್ಜನ ಮುಂದೆಯೋ ಇಟ್ಟು ಕುಳಿತುಕೊಳ್ಳಿರಿ. ಮಾಡಿದವರ ಹೆಸರನ್ನು ಕೇಳಿರಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿರಿ. ನಿಮಗೆ ಬಾರದ ಅಕ್ಷರ ಕಂಡರೆ, ಬಲ್ಲವರು ಯಾರೇ ಇರಲಿ, ನಾಚದೆ ಅವರ ಕೈಗೆ ಕೊಟ್ಟು ಓದಿಸಿಕೊಳ್ಳಿರಿ.